ಬಟ್ಟೆ ಒರೆಸಿದ ಲೆಕ್ಕ

ಪ್ರೋಗ್ರಾಮ್ ಬರೆಯಲು ಈಗಷ್ಟೇ ಕಲಿಯುತ್ತಿದ್ದ ಮಂದಾಕಿನಿ, ಕಂಪ್ಯೂಟರಿನೊಳಗೆ ಐದು ಸ್ಲೇಟುಗಳನ್ನು ಸಾಲಾಗಿ ಜೋಡಿಸಿ, ಒಂದು ಒದ್ದೆ ಬಟ್ಟೆಗೆ ಅಪ್ಪಣೆ ಕೊಟ್ಟಳು: "ಸೊನ್ನೆಯಿಂದ ಐದರವರೆಗೂ ಒರೆಸು."

ಬಟ್ಟೆಗೆ ಮರೆವು ಜಾಸ್ತಿ. ಎಲ್ಲಿಯವರೆಗೆ ಒರೆಸಿದೆ ಎಂಬುದನ್ನು ಬಳಪವೊಂದು ಸಾಲು ಮುಗಿಯುವಲ್ಲಿ ಅದರ ಪಕ್ಕಕ್ಕೇ ಇದ್ದ ಇನ್ನೊಂದು ಸ್ಲೇಟಿನ ಮೇಲೆ ಬರೆದಿಡುತ್ತಿತ್ತು. ಬಟ್ಟೆ ಅದನ್ನು ನೋಡಿಕೊಂಡೇ ಮುಂದಕ್ಕೆ ಹೋಗುತ್ತಿತ್ತು.

ಸೊನ್ನೆಯಿಂದ ನಾಲ್ಕರವರೆಗೆ ಒರೆಸಿ ಮುಗಿಸಿದ ಬಟ್ಟೆ, ಆ ಪಕ್ಕದ ಸ್ಲೇಟಿನತ್ತ ಹೊರಳಿತು.

"ಅಲ್ಲಿಗೇ ನಿಲ್ಲು" ಎಂದಿತು ಬಳಪ. "ರಾಗಿ ಅಳೆಯುವವರು ಮೊದಲ ಸೇರಿಗೆ ಲಾಭ ಅನ್ನುತ್ತಾರೆ, ಒಂದು ಅನ್ನುವುದಿಲ್ಲ. ಹಾಗೆಯೇ ಇಲ್ಲಿ ಮೊದಲ ಸ್ಲೇಟಿಗೆ ಸೊನ್ನೆ ಅನ್ನುತ್ತಾರೆ, ಐದನೆಯದಕ್ಕೆ ನಾಲ್ಕು. ನಿನ್ನ ಐದೂ ಆಗಿಹೋದವು."

"ಐದರವರೆಗೂ ಎಂದಿದ್ದಾರೆ. ಐದು ಇನ್ನೂ ಬಂದಿಲ್ಲ."

"ಈ ಸ್ಲೇಟು ಆ ಸಾಲಿನದಲ್ಲ. ಇದರಲ್ಲಿರುವುದು ನಿನ್ನದೇ ಲೆಕ್ಕ."

"ಯಾರದೆಂದು ವಿಚಾರಿಸಿ ಒರೆಸುವುದು ನನ್ನ ಕೆಲಸವಲ್ಲ" ಎಂದ ಬಟ್ಟೆ, ಅದನ್ನೂ ಫಳಫಳ ಹೊಳೆಯುವಂತೆ ಒರೆಸಿತು. ಆಮೇಲೆ ಎಂದಿನಂತೆ, ಮುಂದೇನೆಂದು ತಿಳಿಯಲು ಅದನ್ನೇ ನೋಡಿತು. ಸ್ಲೇಟು ಖಾಲಿಯಾಗಿತ್ತು.

"ಏನೂ ಬರೆದಿಲ್ಲವೆಂದರೆ ಕೆಲಸ ಇನ್ನೂ ಶುರುವೇ ಆಗಿಲ್ಲ" ಎಂದುಕೊಂಡು ಅದು ಸೊನ್ನೆಯ ಸ್ಲೇಟಿಗೆ ಮರಳಿತು.

ಹೊರಗೆ ಮಂದಾಕಿನಿ ತಾಯಿಯನ್ನು ಕರೆದು ತೋರಿಸುತ್ತಿದ್ದಳು: "ನೋಡಮ್ಮ, ನಾನು ಬರೆದ ಪ್ರೋಗ್ರಾಮ್ ಎಷ್ಟು ಶ್ರದ್ಧೆಯಿಂದ ಕೆಲಸ ಮಾಡ್ತಿದೆ. ಬೆಳಿಗ್ಗೆಯಿಂದ ಒಂದು ಸಲವೂ ನಿಂತಿಲ್ಲ."