ಐದು ಸೇರಿನ ಪಾಲು

“ಗುರುಗಳೇ, ನಮಗೆ ಬರಬೇಕಾದ ಪಾಲನ್ನು ಬಂದಾಗಲೇ ತೆಗೆದುಕೊಳ್ಳಬೇಕೋ, ಬೆಳೆಯಲು ಬಿಟ್ಟು ಆಮೇಲೆ ಹೆಚ್ಚಾಗಿ ತೆಗೆದುಕೊಳ್ಳಬೇಕೋ?” ಎಂದು ಶಿಷ್ಯನು ಕೇಳಿದನು.

ಅವನು ಸುಂಕದ ಕಟ್ಟೆಯ ಕೆಲಸ ಬಿಟ್ಟು ವರ್ಷವಾಗಿತ್ತು. ಕೆಲಸ ಮಾಡಿದವರಿಗೆ ಮುಪ್ಪಿನಲ್ಲಿ ಸಿಗುವ ಪಾಲನ್ನು ಇನ್ನೂ ಕೇಳಿರಲಿಲ್ಲ. ತಾನು ಮಾಡಿದ್ದು ಜಾಣತನವೆಂದು ಗುರುಗಳ ಬಾಯಿಂದಲೇ ಕೇಳುವ ಆಸೆ ಅವನಿಗಿತ್ತು.

ಗುರುಗಳು ಕತೆ ಹೇಳಿದರು.

ಒಂದು ಊರಿನ ಕೋಟೆಯ ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದನು. ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಅರಮನೆಯ ಕೆಲಸ ಮಾಡಿದವರಿಗೆ ಅರವತ್ತು ತುಂಬಿದ ಮೇಲೆ, ಉಸಿರಿರುವವರೆಗೆ, ವಾರಕ್ಕೆ ಮೂರು ಸೇರು ರಾಗಿ. ಆದರೆ ಬಂದು ಕೇಳಿದವರಿಗೆ ಮಾತ್ರ. ಕೇಳದೆ ತಡೆದವರಿಗೆ ಆ ದಿನಗಳ ರಾಗಿ ಇಲ್ಲ; ಅದರ ಬದಲು, ತಡೆದ ಒಂದೊಂದು ವರ್ಷಕ್ಕೂ ಮುಂದಿನ ಪ್ರತಿ ವಾರದ ಅಳತೆಗೆ ಅರ್ಧ ಸೇರು ಕೂಡುತ್ತಿತ್ತು.

ಕಾವಲುಗಾರನಿಗೆ ಒಬ್ಬಳು ಅಕ್ಕನಿದ್ದಳು. ಗಂಡ ತೀರಿಕೊಂಡಿದ್ದನು, ಮಕ್ಕಳಿರಲಿಲ್ಲ. ಅರಮನೆಯ ಅಡುಗೆಮನೆಯಲ್ಲಿ ಹಿಟ್ಟು ಬೀಸಿ ಬೀಸಿ ಅವಳ ಬೆನ್ನು ಬಾಗಿತ್ತು. ಅರವತ್ತು ತುಂಬಿದ ವಾರವೇ ಅವಳು ಅರಮನೆಯ ಕಣಜದ ಮುಂದೆ ಹೋಗಿ ಸೆರಗೊಡ್ಡಿದಳು.

ಎರಡು ವರ್ಷದ ಮೇಲೆ ಕಾವಲುಗಾರನಿಗೂ ಅರವತ್ತಾಯಿತು. ಅವನು ಕಣಜಕ್ಕೆ ಹೋದನು, ರಾಗಿಗಾಗಿ ಅಲ್ಲ. ಸಾಲಿನಲ್ಲಿ ನಿಂತಿದ್ದ ಅಕ್ಕನನ್ನು ತೋರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದನು:

“ನಮ್ಮಕ್ಕನಿಗೆ ತಾಳ್ಮೆಯೇ ಇಲ್ಲ. ಇನ್ನು ಸಾಯುವವರೆಗೂ ಮೂರೇ ಸೇರು. ನಾನು ನಾಲ್ಕು ವರ್ಷ ತಡೆದು ಐದು ಸೇರು ಒಯ್ಯುತ್ತೇನೆ, ನೋಡುತ್ತಿರಿ.”

ಸಾಲಿನವರು ನಕ್ಕರು. ಅಕ್ಕನೂ ನಕ್ಕಳು.

ಮೊದಲ ವರ್ಷ ಅವನು ಕೂಡಿಟ್ಟದ್ದನ್ನು ತಿಂದನು. ಎರಡನೆಯ ವರ್ಷದ ಮೊದಲಲ್ಲೇ ಅದು ಮುಗಿಯಿತು. ಆಗ ಅಕ್ಕನ ಮನೆಗೆ ಊಟಕ್ಕೆ ಹೋಗತೊಡಗಿದನು, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. “ನನ್ನ ಪಾಲು ಬರಲಿ, ಎಲ್ಲ ತೀರಿಸುತ್ತೇನೆ” ಎನ್ನುತ್ತಿದ್ದನು. ಅವಳು ಬಡಿಸುತ್ತಿದ್ದಳು. ಸಂಜೆ ಮಾತ್ರ ಅವಳು ತನಗೆ ತಟ್ಟೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ಅವನು ಏಕೆಂದು ಕೇಳಿದನು.

“ನನ್ನದು ಒಪ್ಪತ್ತು, ತಮ್ಮ. ವ್ರತ ಹಿಡಿದಿದ್ದೇನೆ” ಎಂದಳು.

ಯಾವ ದೇವರ ವ್ರತವೆಂದು ಅವನು ಕೇಳಲಿಲ್ಲ. ವಯಸ್ಸಾದ ಮೇಲೆ ಹೆಂಗಸರಿಗೆ ಭಕ್ತಿ ಹೆಚ್ಚುತ್ತದೆ ಎಂದುಕೊಂಡು ಇನ್ನೊಂದು ಮುದ್ದೆ ಹಾಕಿಸಿಕೊಂಡನು. ಅವಳ ರವಿಕೆಯ ತೋಳುಗಳು ಸಡಿಲವಾಗಿ ಜೋಲುವುದನ್ನು ಕಂಡಿದ್ದನು. ಕಂಡರೂ ಅದರ ಬಗ್ಗೆ ಯೋಚಿಸಲಿಲ್ಲ. ಹೀಗೆ ಮೂರು ವರ್ಷ ಕಳೆಯಿತು.

ನಾಲ್ಕು ವರ್ಷ ತುಂಬಿದ ವಾರ ಕಣಜದವನು ಅವನ ಚೀಲಕ್ಕೆ ಐದು ಸೇರು ಅಳೆದು ಹಾಕಿದನು. ನಾಲ್ಕು ವರ್ಷ ಬಿಟ್ಟ ರಾಗಿ ತುಂಬಿ ಬರಬೇಕಾದರೆ ಇನ್ನು ಆರು ವರ್ಷ ಬದುಕಿರಬೇಕು ಎಂದು ನಗುತ್ತಾ ಹೇಳಿದನು. ಕಾವಲುಗಾರನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲವನ್ನು ಹೆಗಲ ಮೇಲಿಟ್ಟು, ಅಂಗಡಿ ಬೀದಿಯಲ್ಲಿ ಸುತ್ತು ಹಾಕಿಕೊಂಡು ಅಕ್ಕನ ಮನೆಗೆ ಬಂದು ಅವಳ ಮುಂದೆ ಇಳಿಸಿದನು.

ಅಕ್ಕ ರಾಗಿಯಲ್ಲಿ ಕೈಯಾಡಿಸಿದಳು. ಬೀಸಿದಳು, ಮುದ್ದೆ ಮಾಡಿದಳು. ಸಂಜೆ ತಮ್ಮನಿಗೆ ಬಡಿಸಿ, ತನಗೂ ಒಂದು ತಟ್ಟೆ ಹಾಕಿಕೊಂಡು ಅವನ ಎದುರಿಗೆ ಕುಳಿತಳು.

“ಒಪ್ಪತ್ತಲ್ಲವೇ ಅಕ್ಕ?” ಎಂದು ಅವನು ಕೇಳಿದನು.

“ವ್ರತ ಇವತ್ತಿಗೆ ಮುಗಿಯಿತು, ತಮ್ಮ” ಎಂದಳು.

ಅವಳು ಬೇಗ ಬೇಗ ಉಂಡಳು. ಮಧ್ಯೆ ಒಮ್ಮೆ, ತಮ್ಮ ನೋಡುತ್ತಿದ್ದಾನೆಂದು ತಿಳಿದು, ಕೈಯನ್ನು ನಿಧಾನ ಮಾಡಿದಳು.

ಕಾವಲುಗಾರನು ಮುರಿದ ತುತ್ತು ಕೈಯಲ್ಲೇ ಉಳಿಯಿತು. ಮೂರು ವರ್ಷದ ಸಂಜೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಕೇಳಿ ಹಾಕಿಸಿಕೊಂಡ ಮುದ್ದೆಗಳು ನೆನಪಾದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಕ್ಕ “ಸಾರು ಆರುತ್ತದೆ, ಉಣ್ಣು” ಎಂದಳು. ಅಷ್ಟೇ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಅಂದಿನಿಂದ ಅವನು ಐದು ಸೇರನ್ನೂ ತಂದು ಅವಳ ಮಡಕೆಗೇ ಸುರಿಯುತ್ತಿದ್ದನು. ಅವಳಿಗೆ ಬಡಿಸದೆ ತಾನು ಕೂರುತ್ತಿರಲಿಲ್ಲ. ಆದರೂ ಅವಳು ಉಣ್ಣುವಾಗ ಅವಳ ಮುಖ ನೋಡಲು ಅವನಿಂದ ಆಗಲಿಲ್ಲ. ಕಣಜದ ಸಾಲಿನಲ್ಲಿ ಹೊಸಬರು, “ಅಜ್ಜಾ, ನಿನ್ನಷ್ಟು ಕಾಯುವ ಗಟ್ಟಿತನ ನಮಗೂ ಬರಲಿ” ಎಂದರೆ ಅವನು ತಲೆ ತಗ್ಗಿಸಿ ಹೇಳುತ್ತಿದ್ದನು:

“ಕಾದದ್ದು ನಾನಲ್ಲಪ್ಪ, ನಮ್ಮಕ್ಕ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು “ಹಾಗಾದರೆ ತಡೆದು ತೆಗೆದುಕೊಳ್ಳುವುದು ತಪ್ಪೇ?” ಎಂದನು.

“ತಪ್ಪಲ್ಲ. ಆದರೆ ನಿನ್ನ ಮನೆಯಲ್ಲಿ ಕಾಯುತ್ತಿರುವವರು ಯಾರು?” ಎಂದರು ಗುರುಗಳು.

ಸಂಜೆಯ ಊಟಕ್ಕೆ ಮೊದಲೇ ಮನೆ ಸೇರಬೇಕೆಂದು ಶಿಷ್ಯನು ಎದ್ದು ಹೊರಟನು.