ಬೇಲಿ ದಾಟಿದ ಸರಕು

ಬೇಲಿ ದಾಟಿ ಬಿದ್ದ ತೆಂಗಿನಕಾಯಿಯನ್ನೂ ಬಿಡದೆ ವಾಪಸ್ ತರಿಸಿಕೊಳ್ಳುವ ಪಟೇಲ ಚನ್ನವೀರಪ್ಪನವರಿಗೆ ಪಕ್ಕದ ತೋಟದ ಪುಟ್ಟಸಿದ್ದಮ್ಮನ ಮೇಲೆ ಗುಮಾನಿ. ಬೇಲಿ ಪಕ್ಕದಲ್ಲೇ ಮುಚ್ಚಳದ ಬಕೆಟ್ ಯಾಕೆ ನೇತುಹಾಕಿದ್ದಾಳೆ? ದಿನಾ ಅದರೊಳಗೆ ಇಣುಕಿ ಯಾಕೆ ನಗುತ್ತಾಳೆ?

"ಅದರಲ್ಲಿರೋದೆಲ್ಲಾ ನನ್ನ ತೋಟದ್ದೇ. ಒಂದೂ ಬಿಡದೆ ನನ್ನ ಜಗಲಿಗೆ ತಂದು ಸುರಿ!" ಎಂದು ಊರವರ ಮುಂದೆ ಗದರಿದರು.

"ನಿಮ್ಮವೇ, ಬುದ್ಧಿ. ಬೇಲಿ ದಾಟಿ ಬರೋದನ್ನ ನಾನೇ ನೋಡಿದೀನಿ," ಎಂದು ಅವಳು ತಂದು ಸುರಿದಳು. ಬಕೆಟ್ಟಿನೊಳಗಿನ ವಾಸನೆಯ ಪೊಟ್ಟಣಕ್ಕೆ ಮರುಳಾಗಿ, ಬದಿಯ ತೂತುಗಳಿಂದ ಒಳಗೆ ಬಂದು ಬಿದ್ದಿದ್ದ, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಗಳು ಜಗಲಿ ತುಂಬ ಹರಿದಾಡಿದವು.

ಪಟೇಲರು ಬೆಂಚು ಹತ್ತಿದರು. "ತಗೊಂಡು ಹೋಗೇ! ಬೇಲಿ ದಾಟಿದ ಮೇಲೆ ಎಲ್ಲಾ ನಿಂದೇ!"

"ಎಲ್ಲಾರೂ ಕೇಳಿಸ್ಕೊಂಡ್ರಾ?" ಎಂದ ಪುಟ್ಟಸಿದ್ದಮ್ಮ ದುಂಬಿಗಳನ್ನು ತುಂಬಿಕೊಂಡು ಹೊರಟಳು. ಹೋಗುವಾಗ, ತನ್ನ ತೋಟಕ್ಕೆ ಬಿದ್ದಿದ್ದ ಪಟೇಲರ ಎರಡು ತೆಂಗಿನಕಾಯಿಗಳನ್ನೂ ಮಡಿಲಿಗೆ ಹಾಕಿಕೊಂಡಳು.