ಎತ್ತಿದ ಕೈ

ನದಿಯ ದಂಡೆಯಲ್ಲಿ ಒಬ್ಬರು ಗುರುಗಳಿದ್ದರು. ಗಡ್ಡ ಇರಲಿಲ್ಲ, ಕಮಂಡಲ ಇರಲಿಲ್ಲ. ಎರಡು ಮೊಣಕಾಲಿದ್ದವು, ಎರಡೂ ಕೆಟ್ಟಿದ್ದವು.

ಹೆಸರು ಎಲ್ವಿಯೋ. ಇಟಲಿಯವರು. ಹದಿನಾರು ವರ್ಷ ಒಂದೇ ಕ್ಲಬ್ಬಿಗೆ ಫುಟ್‌ಬಾಲ್ ಆಡಿದವರು. ಗೋಲು ಹೊಡೆಯೋದು ಅವರ ಕೆಲಸ ಅಲ್ಲ, ಹೊಡೆಯೋಕೆ ಬಂದವರನ್ನ ತಡೆಯೋದು. ಡಿಫೆಂಡರ್. ಅಷ್ಟೂ ವರ್ಷದಲ್ಲಿ ಹೊಡೆದದ್ದು ಎರಡೇ ಗೋಲು. ಅದರಲ್ಲಿ ಒಂದು ತಮ್ಮ ಕಡೆಯ ಗೋಲಿಗೇ.

ಆಟ ಬಿಟ್ಟ ಮೇಲೆ ಅವರಿಗೆ ಒಂದು ಮನೆ, ಒಂದು ಮೇಕೆ, ಮೂರು ಸಾಲು ಬೀನ್ಸ್. ಬಂದವರಿಗೆ ಕಲಿಸುತ್ತಿದ್ದರು. ಬರದವರನ್ನು ಕರೆಯುತ್ತಿರಲಿಲ್ಲ.

ಅಡುಗೆಮನೆ ಗೋಡೆಯ ಮೇಲೆ ಒಂದೇ ಒಂದು ಫೋಟೋ. ಮೈದಾನದಲ್ಲಿ ಗುರುಗಳು ಬಲಗೈಯನ್ನು ಆಕಾಶಕ್ಕೆ ಎತ್ತಿ ನಿಂತಿದ್ದಾರೆ. ಥೇಟ್ ಅಭಯ ಕೊಡುವ ದೇವರು. ಶಿಷ್ಯರೆಲ್ಲ ಒಳಗೆ ಬಂದವರು ಮೊದಲು ಅದನ್ನೇ ನೋಡುತ್ತಿದ್ದರು.

ಒಂದು ಶುಕ್ರವಾರ ರುಜೆರೋ ಅನ್ನುವ ಶಿಷ್ಯ ಸೈಕಲ್ ತಳ್ಳಿಕೊಂಡು ಬಂದ. ಹತ್ತೊಂಬತ್ತು ವರ್ಷ. ಅವನೂ ಡಿಫೆಂಡರ್.

"ಗುರುಗಳೇ, ಹೋದ ಭಾನುವಾರ ಸೋತ್ವಿ. ನನ್ನಿಂದಲೇ ಅಂತಾರೆ."

"ನಿನ್ನಿಂದಲೇನಾ?"

"ಇಲ್ಲ! ಗೋಲು ಹೊಡೆದವನು ಆಫ್‌ಸೈಡ್ ಇದ್ದ. ಅವರ ಕಡೆಯವನು ಚೆಂಡು ಒದೆಯೋ ಹೊತ್ತಿಗೇ ನಮ್ಮನ್ನೆಲ್ಲ ದಾಟಿ ಗೋಲಿನ ಹತ್ರ ಹೋಗಿದ್ದ. ನಾನು ಕೈ ಎತ್ತಿ ತೋರಿಸ್ದೆ. ಲೈನ್ಸ್‌ಮನ್ ತಪ್ಪು ಅಂತ ಬಾವುಟ ಎತ್ತಲೇ ಇಲ್ಲ. ಅವನು ಆರಾಮಾಗಿ ಹೋಗಿ ಗೋಲು ಹೊಡೆದ."

"ಆಗ ನಿನ್ನ ಕಾಲು ಏನು ಮಾಡ್ತಿದ್ವು?"

ರುಜೆರೋ ತನ್ನ ಕಾಲು ನೋಡಿಕೊಂಡ. ಅವು ಏನೂ ಹೇಳಲಿಲ್ಲ.

"ಕೋಚ್ ಹೇಳಿಬಿಟ್ಟಿದ್ದಾರೆ ಗುರುಗಳೇ. ಈ ಭಾನುವಾರ ಇನ್ನೊಂದು ಸಲ ಕೈ ಎತ್ತಿ ನಿಂತರೆ ಸೋಮವಾರದಿಂದ ಬರಬೇಡ ಅಂತ. ಆಟ ಬಿಟ್ಟರೆ ನಂಗೆ ಬೇರೆ ಏನೂ ಬರಲ್ಲ. ಸರಿಯಾಗಿ ಕೈ ಎತ್ತೋದು ಹೇಗೆ ಅಂತ ಹೇಳಿಕೊಡಿ."

"ಏನು?"

"ಲೈನ್ಸ್‌ಮನ್ ನಂಬೋ ಹಾಗೆ. ಫೋಟೋದಲ್ಲಿ ನೀವು ಎತ್ತಿದ್ದೀರಲ್ಲ, ಹಾಗೆ. ನಾನು ಅದನ್ನ ನೋಡಿಯೇ ಕಲಿತದ್ದು."

ಗುರುಗಳ ಮುಖ ಬಿಳಿಚಿತು. ಎದ್ದು ಹೊರಗೆ ಹೋದರು. ಬೀನ್ಸ್ ಸಾಲಿನ ಮುಂದೆ ನೆಲದ ಮೇಲೆ ಒಂದು ಹಗ್ಗ ಎಳೆದರು. ಮೇಕೆಯನ್ನು ಬಿಚ್ಚಿದರು.

"ನಾನು ಶಿಳ್ಳೆ ಹಾಕೋ ಮುಂಚೆ ಇದು ಹಗ್ಗ ದಾಟಿದರೆ ತಪ್ಪು ಇದರದ್ದು. ಮಧ್ಯಾಹ್ನದ ಊಟಕ್ಕೆ ಇರೋದು ಇಷ್ಟೇ ಬೀನ್ಸ್. ಕಾಯ್ತಾ ಇರು."

ಅಂದವರು ನದಿಗಿಳಿದು ಕಾಲು ತೊಳೆಯುತ್ತಾ ಕೂತರು.

ಮೇಕೆ ರುಜೆರೋನನ್ನು ನೋಡಿತು. ಹಗ್ಗ ನೋಡಿತು. ದಾಟಿತು.

"ಗುರುಗಳೇ!" ಶಿಷ್ಯನ ಕೈ ತಾನಾಗಿ ಮೇಲೆ ಹೋಯಿತು. "ದಾಟಿತು! ಶಿಳ್ಳೆ ಹಾಕೇ ಇಲ್ಲ ನೀವು! ತಪ್ಪು!"

ಗುರುಗಳು ಎಡಗಾಲು ತೊಳೆದರು.

"ಗುರುಗಳೇ, ಈ ಕಡೆ ನೋಡಿ!"

ಗುರುಗಳು ಬಲಗಾಲು ತೊಳೆದರು. ಅವರು ಮೇಲೆ ಬರುವಷ್ಟರಲ್ಲಿ ಮೂರು ಸಾಲೂ ಖಾಲಿ. ಮೇಕೆ ಮೂತಿ ನೆಕ್ಕಿಕೊಳ್ಳುತ್ತಿತ್ತು. ರುಜೆರೋನ ಕೈ ಇನ್ನೂ ಮೇಲೆಯೇ ಇತ್ತು.

"ತಪ್ಪು ಯಾರದು?" ಗುರುಗಳು ಕೇಳಿದರು.

"ಮೇಕೇದು!"

"ಹೌದು, ಮೇಕೇದೇ. ಬಾ, ಊಟ ಮಾಡೋಣ."

ಮಧ್ಯಾಹ್ನ ಒಣ ಬ್ರೆಡ್ಡು, ಉಪ್ಪು. ಇಬ್ಬರೂ ಅಗಿದರು.

ಗುರುಗಳು ಎದ್ದು ಗೋಡೆಯ ಫೋಟೋ ಇಳಿಸಿದರು. ಚೌಕಟ್ಟಿನ ಹಿಂದಿನ ಹಲಗೆ ತೆಗೆದರು. ಫೋಟೋ ಅರ್ಧಕ್ಕೆ ಮಡಚಿತ್ತು. ಬಿಡಿಸಿ ಮೇಜಿನ ಮೇಲಿಟ್ಟರು.

ಮಡಚಿದ ಅರ್ಧದಲ್ಲಿ ಎದುರಾಳಿಯೊಬ್ಬ ಓಡುತ್ತಿದ್ದ. ಅವನ ಮುಂದೆ ಯಾರೂ ಇರಲಿಲ್ಲ. ಚೆಂಡು ಬಲೆಯೊಳಗಿತ್ತು.

ರುಜೆರೋ ಮೇಜಿನ ಮೇಲೆ ಬಗ್ಗಿ ನೋಡಿದ.

"ಇದು ಗೆದ್ದಾಗಿನದಲ್ವಾ?"

"ನನ್ನ ಕೊನೇ ಆಟ. ಆವತ್ತು ಸೋತು ಕ್ಲಬ್ಬು ಕೆಳಗಿನ ದರ್ಜೆಗೆ ಬಿತ್ತು. ಇನ್ನೂ ಮೇಲೆ ಬಂದಿಲ್ಲ."

"ಅವನು ಆಫ್‌ಸೈಡ್ ಇದ್ನಾ?"

"ಒಂದು ಹೆಜ್ಜೆ."

"ಬಾವುಟ?"

"ಬರಲಿಲ್ಲ."

"ಮತ್ತೆ ಇದನ್ನ ಮಡಚಿದ್ದು ಯಾಕೆ?"

"ಈ ಅರ್ಧ ನೋಡೋಕೆ ಚೆನ್ನಾಗಿತ್ತು," ಅಂದರು ಗುರುಗಳು. "ನೋಡಿ ಕಲಿಯೋಕೆ ಒಬ್ಬ ಬರ್ತಾನೆ ಅಂತ ಗೊತ್ತಿರಲಿಲ್ಲ."

ರುಜೆರೋ ಸೈಕಲ್ ಹತ್ತಿದ.

ಭಾನುವಾರ ಆಟ ಮುಗಿಯೋಕೆ ಆರು ನಿಮಿಷ ಇತ್ತು. ಎರಡೂ ಕಡೆ ಸಮ. ಚೆಂಡು ರುಜೆರೋನ ತಲೆಯ ಮೇಲಿಂದ ಹಾರಿ ಹೋಯಿತು. ಎದುರಾಳಿ ಮೊದಲೇ ಅವನನ್ನು ದಾಟಿ ನಿಂತಿದ್ದ. ಆಫ್‌ಸೈಡ್. ಕುರುಡನಿಗೂ ಕಾಣುವಂಥದ್ದು.

ರುಜೆರೋನ ಕೈ ಎದ್ದಿತು. ಭುಜದ ತನಕ ಬಂತು.

ಬಾವುಟ ಏಳಲಿಲ್ಲ.

ಅವನು ಕೈ ಇಳಿಸಿ ಓಡಿದ. ಗೋಲಿನ ಬಾಯಲ್ಲಿ ಮೈಯನ್ನೇ ಎಸೆದ. ಚೆಂಡು ಅವನ ಬೂಟಿನ ತುದಿಗೆ ತಾಗಿ ಹೊರಗೆ ಹೋಯಿತು. ಅವನು ಮಾತ್ರ ಹೋಗಿ ಕಂಬಕ್ಕೆ ಬಡಿದ. ಮುಂದಿನ ಹಲ್ಲು ಮುರಿಯಿತು. ಆಟ ಸಮದಲ್ಲೇ ಮುಗಿಯಿತು. ಕೋಚ್ ಬಂದು, "ನಾಳೆ ಬೆಳಿಗ್ಗೆ ಏಳಕ್ಕೆ ಬಾ," ಅಂದರು, ಅಷ್ಟೇ.

ಸೋಮವಾರ ಅಭ್ಯಾಸ ಮುಗಿಸಿ ಶಿಷ್ಯ ಗುರುಗಳ ಮನೆಗೆ ಬಂದ. ಮುಖ ಊದಿತ್ತು, ಮಾತಿನ ಜೊತೆ ಗಾಳಿಯೂ ಬರುತ್ತಿತ್ತು.

ಗುರುಗಳು ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಫೋಟೋ ಈಗ ಪೂರ್ತಿ ಬಿಚ್ಚಿಕೊಂಡಿತ್ತು. ಹಳೆಯ ಚೌಕಟ್ಟು ಸಾಲದೆ ದೊಡ್ಡದು ಹಾಕಿಸಿದ್ದರು.

"ಕಾಲು ಓಡಿದ್ವು ಗುರುಗಳೇ."

"ಹಲ್ಲು ಹೇಳ್ತಾ ಇದೆ."

"ಆದರೆ ಅವನು ಆಫ್‌ಸೈಡ್ ಇದ್ದ. ನಿಮ್ಮಾಣೆ, ಎರಡು ಹೆಜ್ಜೆ ಇದ್ದ! ನನ್ನದೇ ಸರಿ ಅಂತ ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ."

ಗುರುಗಳು ಫೋಟೋ ನೇತುಹಾಕಿ ಹಿಂದೆ ಸರಿದರು. ಒಂದು ಕಡೆ ಎತ್ತಿದ ಕೈ, ಇನ್ನೊಂದು ಕಡೆ ಬಲೆಯೊಳಗಿನ ಚೆಂಡು.

"ಗೊತ್ತಾಗಬೇಕಾ? ಹಾಗಾದರೆ ಬಾ, ಅಲ್ಲಿ ಆ ಫೋಟೋದಲ್ಲಿ ನನ್ನ ಪಕ್ಕ ನಿಂತ್ಕೋ. ಇಪ್ಪತ್ತೆರಡು ವರ್ಷದಿಂದ ನಾನು ಸರಿಯಾಗೇ ನಿಂತಿದ್ದೀನಿ."